ಅತಿಭಾರದ ಲೆಕ್ಕ



ನಾನು ಲೆಕ್ಕಪರಿಶೋಧಕ, ವೈದ್ಯನಲ್ಲ, ಪಂಡಿತನೂ ಅಲ್ಲ. ಕೆಲವು ವರ್ಷಗಳ ಹಿಂದೆ ಮುಂಬಯಿಯ ಒಂದು ಧರ್ಮಾರ್ಥ ಆಸ್ಪತ್ರೆಯ ಸಂಬಳದ ಪಟ್ಟಿಯನ್ನೂ ದಾದಿಯರ ಹಾಜರಿ ಪುಸ್ತಕವನ್ನೂ ಎದುರುಬದುರು ಇಟ್ಟು ನೋಡಿದೆ. ಒಬ್ಬ ಶುಶ್ರೂಷಕಿ ರಾತ್ರಿ ಪಾಳಿ ಮುಗಿಸಿ, ಬದಲಿಗೆ ಬರುವವರಿಲ್ಲದೆ, ಬೆಳಗಿನ ಪಾಳಿಗೂ ಸಹಿ ಹಾಕಿದ್ದರು; ಒಂದೇ ತಿಂಗಳಲ್ಲಿ ನಾಲ್ಕು ಬಾರಿ. ಅದರ ಹಣ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ಕೇಳಿದರೆ, "ಅದು ಸೇವೆ, ಸಾಹೇಬರೇ" ಎಂದರು. ಅದೇ ವರ್ಷದ ಖರ್ಚಿನಲ್ಲಿ ದಾನಿಗಳ ಹೆಸರು ಕೆತ್ತಿಸಿದ ಅಮೃತಶಿಲೆಯ ಗೋಡೆಯೂ ಇತ್ತು.

ವೈಯಾವೃತ್ತ್ಯವನ್ನು ನಮ್ಮ ಆಚಾರ್ಯರು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ್ದಾರೆ, ನಿಜ. ಆದರೆ ತಪಸ್ಸು ತಾನಾಗಿ ಕೈಗೊಳ್ಳತಕ್ಕದ್ದು. ಇನ್ನೊಬ್ಬರ ಮೇಲೆ ಹೊರಿಸಿದರೆ ಅದಕ್ಕೆ ಶಾಸ್ತ್ರದಲ್ಲಿ ಬೇರೆಯೇ ಹೆಸರಿದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಬಂಧ, ವಧ, ಛೇದಗಳ ಬಳಿಕ ಬರುವುದು ಅತಿಭಾರಾರೋಪಣ, ಅನಂತರ ಅನ್ನಪಾನನಿರೋಧ. ಇವೆರಡನ್ನೂ ನಾವು ಎತ್ತು ಕುದುರೆಗಳಿಗೆ ಬಿಟ್ಟುಕೊಟ್ಟು ನಿಶ್ಚಿಂತರಾಗಿದ್ದೇವೆ. ಡಬ್ಬಿ ಬಿಚ್ಚಲು ಬಿಡುವಿಲ್ಲದೆ, ನೀರು ಕುಡಿದರೆ ಶೌಚಕ್ಕೆ ಹೋಗಬೇಕಾದೀತೆಂದು ಬಾಯಾರಿಕೆಯನ್ನೇ ತಡೆದು ನಿಲ್ಲುವ ಹೆಣ್ಣುಮಗಳಿಗೆ ಅನ್ವಯಿಸಿ ನೋಡಿಲ್ಲ. ನಮ್ಮ ರೋಗಿಗೆ ಹೊತ್ತು ಮುಳುಗುವ ಮುನ್ನ ಊಟ ಬರಲಿಲ್ಲವೆಂದು ಆಕೆಯನ್ನೇ ಗದರಿಸುವವರೂ ನಾವೇ. ನಾನೂ ಗದರಿಸಿದ್ದೇನೆ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ 'ಬರ್ನ್‌ಔಟ್' ಎಂಬುದನ್ನು ರೋಗವೆನ್ನದೆ, ಉದ್ಯೋಗದ ತೀರದ ಒತ್ತಡದ ಫಲವೆಂದು ವರ್ಗೀಕರಿಸಿತು: ಬಳಲಿಕೆ, ಕೆಲಸದಲ್ಲಿ ವಿಮುಖತೆ, ತನ್ನಿಂದ ಏನೂ ಆಗದೆಂಬ ಭಾವ. ಧ್ಯಾನಶಿಬಿರ ಏರ್ಪಡಿಸಿದರೆ ಇದು ತೀರದು. ಪಾಳಿಯ ಪಟ್ಟಿಯನ್ನೇ ತಿದ್ದಬೇಕು.

2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ರಚಿತವಾದ ಸಮಿತಿಯು, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆ ಸರ್ಕಾರಿ ದಾದಿಯರಷ್ಟೇ ವೇತನ ಕೊಡಬೇಕು, 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ ತಿಂಗಳ ವೇತನ 20,000 ರೂಪಾಯಿಗಿಂತ ಕೆಳಗಿಳಿಯಬಾರದು ಎಂದಿತು. ಶಿಫಾರಸು ರಾಜ್ಯಗಳಿಗೆ ಹೋಯಿತು. ಪಕ್ಷ ಯಾವುದೇ ಇರಲಿ, ಅದಕ್ಕಾಗಿ ಪಟ್ಟುಹಿಡಿದ ಸರ್ಕಾರ ವಿರಳ.

ಹಣವಿಲ್ಲವೆಂಬ ಮಾತಿಗೆ ಉತ್ತರಿಸುವುದು ನನ್ನ ವೃತ್ತಿ. ಧರ್ಮಾರ್ಥ ಟ್ರಸ್ಟ್ ತೆರಿಗೆ ವಿನಾಯಿತಿಗಾಗಿ ಆದಾಯದ ಶೇಕಡಾ 85ರಷ್ಟನ್ನು ತನ್ನ ಉದ್ದೇಶಕ್ಕೆ ವಿನಿಯೋಗಿಸಬೇಕು. ಕಟ್ಟಡದಂತೆ ದಾದಿಯ ಸಂಬಳವೂ ವಿನಿಯೋಗವೇ. ಕಾನೂನು ಮಾಡದ ಭೇದವನ್ನು ನಾವು ಮಾಡಿದ್ದೇವೆ, ಏಕೆಂದರೆ ಸಂಬಳದ ಮೇಲೆ ದಾನಿಯ ಹೆಸರು ಕೆತ್ತಲಾಗದು.

ತಮ್ಮಲ್ಲಿ ಹಲವರು ಇಂಥ ಟ್ರಸ್ಟುಗಳ ಸದಸ್ಯರು. ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರಕ್ಕೆ ಕೈಯೆತ್ತುವ ಮುನ್ನ ಕೇಳಿರಿ: ರಾತ್ರಿ ಒಬ್ಬ ದಾದಿಗೆ ಎಷ್ಟು ರೋಗಿಗಳು? ಹೆಚ್ಚುವರಿ ಪಾಳಿಗೆ ಕೊಟ್ಟ ಹಣವೆಷ್ಟು? ವರ್ಷದಲ್ಲಿ ಕೆಲಸ ಬಿಟ್ಟವರೆಷ್ಟು? ಇದೇ ಪ್ರಶ್ನೆಗಳನ್ನು ಆ ಆಸ್ಪತ್ರೆಗೆ ನಾನು ಟಿಪ್ಪಣಿಯಲ್ಲಿ ಬರೆದು ಕೊಟ್ಟಿದ್ದೆ. ಉತ್ತರ ಬರಲಿಲ್ಲ, ಮರುವರ್ಷ ಲೆಕ್ಕಪರಿಶೋಧಕರು ಬದಲಾದರು.