ರಾತ್ರಿ ಬೆಳಗಾಗುವುದರೊಳಗೆ ಬ್ಯಾಟರಿ ಏಕೆ ಇಳಿಯುತ್ತದೆ?

(ದಾವಣಗೆರೆಯಲ್ಲಿ ಸಂಘಗಳ ಕಾರ್ಯದರ್ಶಿಗಳು, ಹಾಲು ಸಾಗಣೆ ವಾಹನಗಳ ಮಾಲೀಕರು ಮತ್ತು ಚಾಲಕರ ತರಬೇತಿಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಯವರು ಆಡಿದ ಮಾತುಗಳ ಬರಹರೂಪ)



ಕೆಚ್ಚಲು ಬಾವಿನ ಬಗ್ಗೆಯೋ ಜಂತುಹುಳುವಿನ ಬಗ್ಗೆಯೋ ಹೇಳಬೇಕಾದ ಪಶುವೈದ್ಯ ಗಾಡಿಯ ಬ್ಯಾಟರಿ ಬಗ್ಗೆ ಹೇಳಲು ನಿಂತಿದ್ದಾನಲ್ಲ ಎಂದು ನಿಮಗೆ ನಗು ಬರಬಹುದು. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಜಾವ ಮೂರೂವರೆಗೆ ಹರಿಹರದ ಆಚೆ ಹೊಳೆದಂಡೆಯ ಹಳ್ಳಿಯೊಂದರಿಂದ ಫೋನ್ ಬಂತು. ಕರು ಹಾಕಿ ಎರಡು ದಿನವಾದ ಮಿಶ್ರತಳಿ ಹಸು ಮಲಗಿದ್ದು ಏಳುತ್ತಿಲ್ಲ, ಕತ್ತನ್ನು ಪಕ್ಕೆಗೆ ಮಡಚಿಕೊಂಡಿದೆ, ಕಿವಿ ತಣ್ಣಗಾಗಿವೆ ಎಂದರು. ಹಾಲುಜ್ವರ ಎಂದು ಫೋನಿನಲ್ಲೇ ಗೊತ್ತಾಯಿತು. ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ನೋಡನೋಡುತ್ತಿದ್ದಂತೆ ಹಸು ಎದ್ದು ನಿಲ್ಲುವ ಕಾಯಿಲೆ ಅದು. ಬಾಟಲಿಗಳು ಚೀಲದಲ್ಲೇ ಇದ್ದವು. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ಆದರೆ ನನ್ನ ಹಳೆಯ ಜೀಪಿನ ಕೀ ತಿರುಗಿಸಿದರೆ ಕಟ್ ಎಂಬ ಒಂದು ಸದ್ದು, ಅಷ್ಟೆ. ಸೆಲ್ಫ್ ಎತ್ತಲೇ ಇಲ್ಲ. ಬೀದಿಯಲ್ಲಿ ತಳ್ಳಲು ಒಬ್ಬರೂ ಇಲ್ಲ. ಪೇಪರ್ ಹಾಕುವ ಹುಡುಗರು ಬಂದು ತಳ್ಳಿಕೊಟ್ಟಾಗ ಐದೂವರೆ. ನಾನು ಹೋಗುವ ಹೊತ್ತಿಗೆ ಹಸು ಪೂರ್ತಿ ಅಡ್ಡಬಿದ್ದು ಹೊಟ್ಟೆ ಉಬ್ಬಿತ್ತು. ಸೂಜಿ ಚುಚ್ಚಿದ್ದಾಯಿತು, ಉಳಿಯಲಿಲ್ಲ. ಮನೆಯ ಯಜಮಾನರು ಒಂದು ಮಾತೂ ಆಡದೆ ನನಗೆ ಕೈ ತೊಳೆಯಲು ನೀರು ತಂದುಕೊಟ್ಟರು.

ಅದಕ್ಕೂ ಮೊದಲು ಹದಿನೈದು ದಿನಗಳಿಂದ ಜೀಪು ಆಗಾಗ ಹೀಗೆ ಮಾಡುತ್ತಿತ್ತು. ಚಾರ್ಜ್ ಮಾಡಿಸಿಕೊಂಡು ಕಾಲ ತಳ್ಳಿದ್ದೆ. ಈ ಘಟನೆಯ ಮಾರನೆಯ ದಿನ ಹೊಸ ಬ್ಯಾಟರಿಯನ್ನೇ ಹಾಕಿಸಿದೆ. ಐದನೆಯ ಬೆಳಿಗ್ಗೆ ಅದೂ ಇಳಿದಿತ್ತು. ಆಗ ನನಗೇ ನಾಚಿಕೆಯಾಯಿತು. ಹಸು ಮೇವು ಬಿಟ್ಟಿದೆ ಎಂದೊಡನೆ ಜ್ವರವನ್ನೂ ನೋಡದೆ ಇಂಜೆಕ್ಷನ್ ಕೊಡುವವರನ್ನು ಬೈಯುವ ನಾನು, ಗಾಡಿಯ ವಿಷಯದಲ್ಲಿ ಅದನ್ನೇ ಮಾಡಿದ್ದೆ. ಬ್ಯಾಟರಿ ಇಳಿಯುವುದು ಜ್ವರವಿದ್ದಂತೆ, ಅದು ಲಕ್ಷಣ. ರೋಗ ಬೇರೆ ಕಡೆ ಇರಬಹುದು.

ಹಾಲಿನ ಗಾಡಿಗೆ ಇದು ಎಷ್ಟು ಮುಖ್ಯವೆಂದು ನಿಮಗೆ ಹೇಳಬೇಕಾಗಿಲ್ಲ. ಬೇಸಿಗೆಯ ಬಿಸಿಯಲ್ಲಿ ಹಸಿ ಹಾಲಿನೊಳಗಿನ ಸೂಕ್ಷ್ಮಾಣುಗಳು ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗಬಲ್ಲವು. ಬೆಳಿಗ್ಗೆ ಗಾಡಿ ಒಂದೂವರೆ ಗಂಟೆ ತಡವಾದರೆ, ಶೀತಲೀಕರಣ ಯಂತ್ರವಿಲ್ಲದ ಸಂಘದ ಕ್ಯಾನುಗಳ ಹಾಲು ಡೇರಿ ಸೇರುವಾಗ ಕಾಯಿಸಿದರೆ ಒಡೆಯುವ ಸ್ಥಿತಿಗೆ ಬಂದಿರಬಹುದು. ಗಾಡಿ ಒಬ್ಬರದು, ನಷ್ಟ ಆ ಮಾರ್ಗದ ಎಲ್ಲ ಸಂಘಗಳ ಸದಸ್ಯರದು.

ಈಗ ಪರೀಕ್ಷೆಗೆ ಬರೋಣ. ಮನೆಯ ನೀರಿನ ತೊಟ್ಟಿ ಬೆಳಿಗ್ಗೆ ಖಾಲಿ ಇದ್ದರೆ ಏನೆಂದುಕೊಳ್ಳುತ್ತೀರಿ? ನಿನ್ನೆ ತುಂಬಿರಲೇ ಇಲ್ಲ, ಇಲ್ಲವೆ ತೊಟ್ಟಿ ಬಿರುಕು ಬಿಟ್ಟಿದೆ, ಇಲ್ಲವೆ ಯಾರೋ ನಲ್ಲಿ ಬಿಟ್ಟು ಮಲಗಿದ್ದಾರೆ. ಬ್ಯಾಟರಿಗೂ ಇವೇ ಮೂರು. ಯಾವುದೆಂದು ತಿಳಿಯಲು ಒಂದು ಮಲ್ಟಿಮೀಟರ್ ಸಾಕು. ಹೊಸ ಬ್ಯಾಟರಿಯ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ಟರ್ಮಿನಲ್‌ಗಳಿಗೆ ಮೀಟರ್ ಹಿಡಿಯಿರಿ. 13.8ರಿಂದ 14.4 ವೋಲ್ಟ್ ಆಸುಪಾಸಿನಲ್ಲಿರಬೇಕು. 13ಕ್ಕಿಂತ ಕೆಳಗಿದ್ದರೆ ತೊಟ್ಟಿ ತುಂಬುತ್ತಲೇ ಇಲ್ಲ. ಬೆಲ್ಟ್ ಸಡಿಲವೇ, ಟರ್ಮಿನಲ್ಲಿಗೆ ಹಸಿರು ಬಿಳಿ ಪುಡಿ ಕಟ್ಟಿದೆಯೇ, ಆಲ್ಟರ್ನೇಟರ್ ಕೆಟ್ಟಿದೆಯೇ ನೋಡಿಸಿ. ಹಾಲಿನ ಮಾರ್ಗದಲ್ಲಿ ಇನ್ನೊಂದು ತೊಂದರೆ ಇದೆ: ಸಂಘ ಸಂಘದ ಮುಂದೆ ಗಾಡಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡುತ್ತೀರಿ. ಎರಡು ಊರಿನ ನಡುವಿನ ಆ ಚಿಕ್ಕ ಓಟದಲ್ಲಿ, ಅದೂ ಸ್ಟಾರ್ಟ್ ಆಗಲು ಸತಾಯಿಸುವ ಹಳೆಯ ಡೀಸೆಲ್ ಗಾಡಿಯಾದರೆ, ಖರ್ಚಾದಷ್ಟು ಚಾರ್ಜ್ ಮತ್ತೆ ತುಂಬುವುದಿಲ್ಲ.

ಚಾರ್ಜಿಂಗ್ ಸರಿ ಇದೆ ಎನ್ನೋಣ. ಸಂಜೆ ಗಾಡಿ ನಿಲ್ಲಿಸಿ ಒಂದೆರಡು ಗಂಟೆ ಬಿಟ್ಟು ವೋಲ್ಟೇಜ್ ನೋಡಿ ಬರೆದಿಟ್ಟುಕೊಳ್ಳಿ. 12.6 ಇದ್ದರೆ ತುಂಬಿದೆ, 12.2 ಅರ್ಧ, 12ಕ್ಕಿಂತ ಕೆಳಗೆ ಹೆಚ್ಚುಕಡಿಮೆ ಖಾಲಿ. ಆಮೇಲೆ ಮೈನಸ್ ಕೇಬಲ್ ಬಿಚ್ಚಿಟ್ಟು ಮಲಗಿ. ಬೆಳಿಗ್ಗೆ ಮತ್ತೆ ನೋಡಿ. ಕೇಬಲ್ ಬಿಚ್ಚಿದ್ದರೂ ಇಳಿದಿದ್ದರೆ ತೊಟ್ಟಿಯೇ ಬಿರುಕು, ಬ್ಯಾಟರಿಗೆ ವಯಸ್ಸಾಗಿದೆ. ನಮ್ಮ ಕಡೆಯ ಬಿಸಿಲಿಗೆ ಮೂರ್ನಾಲ್ಕು ವರ್ಷ ಬಾಳಿದರೆ ಅದರ ಸೇವೆ ಮುಗಿಯಿತೆನ್ನಿ. ಕೇಬಲ್ ಬಿಚ್ಚಿದ ರಾತ್ರಿ ನಿಂತು, ಹಾಕಿದ ರಾತ್ರಿ ಇಳಿದರೆ ಗಾಡಿಯೊಳಗೆ ಎಲ್ಲೋ ನಲ್ಲಿ ತೆರೆದಿದೆ. ಈ ಒಂದು ಪರೀಕ್ಷೆಯನ್ನು ನಾನು ಮೊದಲೇ ಮಾಡಿದ್ದರೆ ಹೊಸ ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು.

ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಾದರೆ ನಿಮಗೆ ಪರಿಚಿತವಾದ ದಾರಿಯೂ ಒಂದಿದೆ. ಹೈಡ್ರೋಮೀಟರ್ ಎಂದರೆ ನಮ್ಮ ಲ್ಯಾಕ್ಟೋಮೀಟರಿನ ಅಣ್ಣ. ಲ್ಯಾಕ್ಟೋಮೀಟರ್ 28 ತೋರಿಸಿತೆಂದರೆ ಹಾಲಿನ ಸಾಂದ್ರತೆ 1.028. ನೀರು ಬೆರೆತರೆ ಇಳಿಯುತ್ತದೆ. ಬ್ಯಾಟರಿಯಲ್ಲಿ ನೀರು ಬೆರೆಸುವ ಕಳ್ಳ ಬ್ಯಾಟರಿಯೇ. ಅದು ಖಾಲಿಯಾಗುತ್ತಾ ಹೋದಂತೆ ಗಂಧಕಾಮ್ಲ ಸೀಸದ ತಟ್ಟೆಗಳಿಗೆ ಅಂಟಿ, ಉಳಿದ ದ್ರವ ತೆಳುವಾಗುತ್ತದೆ. ತುಂಬಿದಾಗ 1.240ರಿಂದ 1.280, ಖಾಲಿಯಾದಾಗ 1.150ರ ಸುಮಾರು. ಆರು ಮನೆಗಳಲ್ಲಿ ಐದು ಸರಿಯಿದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಮನೆ ಸತ್ತಿದೆ. ಒಂದು ಕ್ಯಾನಿನ ಹುಳಿ ಹಾಲು ಇಡೀ ಟ್ಯಾಂಕನ್ನು ಕೆಡಿಸಿದ ಹಾಗೆ.

ಗಾಡಿಯೊಳಗಿನ ಸೋರಿಕೆ ಹುಡುಕಲು ತಾಳ್ಮೆ ಬೇಕು. ಕೀ ತೆಗೆದು, ಬಾಗಿಲು ಮುಚ್ಚಿ, ಬಿಚ್ಚಿದ ಮೈನಸ್ ಕೇಬಲ್ಲಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಬೇಕು. ಹೀಗಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ, ಮೀಟರ್ ಸುಟ್ಟುಹೋಗುತ್ತದೆ. ಹೊಸ ಗಾಡಿಗಳಲ್ಲಿ ಒಳಗಿನ ಕಂಪ್ಯೂಟರ್ ನಿದ್ದೆ ಹೋಗಲು ಅರ್ಧ ಗಂಟೆಯಾದರೂ ಬೇಕು, ಆಮೇಲೆ ಓದಿ. 0.05 ಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡುತ್ತಾ ಹೋಗಿ. ಯಾವುದನ್ನು ಕಿತ್ತಾಗ ಮುಳ್ಳು ಬೀಳುತ್ತದೋ ಕಳ್ಳ ಆ ದಾರಿಯಲ್ಲಿದ್ದಾನೆ. ಕ್ಯಾಬಿನ್ನಿನ 5 ವ್ಯಾಟ್ ದೀಪ ಹತ್ತು ಗಂಟೆಯಲ್ಲಿ ತಿನ್ನುವುದು ಸುಮಾರು 4 ಆಂಪಿಯರ್-ಗಂಟೆ, ಒಳ್ಳೆಯ ಬ್ಯಾಟರಿ ತಡೆದುಕೊಳ್ಳುತ್ತದೆ. ಆದರೆ ಬ್ರೇಕ್ ಸ್ವಿಚ್ ಅಂಟಿಕೊಂಡು 21 ವ್ಯಾಟಿನ ಎರಡು ದೀಪ ರಾತ್ರಿಯಿಡೀ ಉರಿದರೆ 35 ಆಂಪಿಯರ್-ಗಂಟೆ ಹೋಯಿತು, 70ರ ಬ್ಯಾಟರಿಯಲ್ಲಿ ಸರಿ ಅರ್ಧ. ಆಮೇಲೆ ಜೋಡಿಸಿದ ಟೇಪು, ಅಲಂಕಾರದ ದೀಪ, ಮೊಬೈಲ್ ಚಾರ್ಜರ್, ಜಿಪಿಎಸ್ ಪೆಟ್ಟಿಗೆ ಇವನ್ನು ಮೊದಲು ಅನುಮಾನಿಸಿ. ಹಬ್ಬಕ್ಕೆ ಹಾಕಿಸಿದ ಹಾರ್ನಿನ ವೈರು ನೇರ ಬ್ಯಾಟರಿಗೆ ಸುತ್ತಿರುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ.

ನನ್ನ ಜೀಪಿನಲ್ಲಿ ಎಲ್ಲ ಫ್ಯೂಸ್ ಕಿತ್ತರೂ ಮೀಟರ್ ಇಳಿಯಲಿಲ್ಲ. ಹರಿಹರದ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಹೇಳಿದ್ದು ಇಷ್ಟೇ: "ಡಾಕ್ಟ್ರೇ, ನಾಳೆ ಬೆಳಿಗ್ಗೆ ಗಾಡಿ ಮುಟ್ಟೋಕ್ ಮುಂಚೆ ಆಲ್ಟರ್ನೇಟರ್ ಮೇಲೆ ಕೈ ಇಟ್ಟು ನೋಡ್ರಿ." ಐದು ಗಂಟೆಗೆ ಬಾನೆಟ್ ಎತ್ತಿ ಕೈಯಿಟ್ಟೆ. ಎಂಜಿನ್ ತಣ್ಣಗೆ ಕೊರೆಯುತ್ತಿತ್ತು, ಆಲ್ಟರ್ನೇಟರ್ ಬೆಚ್ಚಗಿತ್ತು. ಹಸುವಿನ ಕಿವಿ ಮುಟ್ಟಿ ರೋಗ ಹೇಳುವ ನನಗೆ ಅಷ್ಟು ಸಾಕಾಯಿತು.

ಆಲ್ಟರ್ನೇಟರಿನೊಳಗೆ ಡಯೋಡ್ ಎಂಬ ಬಿಡಿಭಾಗಗಳಿವೆ. ನಿಮ್ಮ ಬಾವಿಯ ಪಂಪಿನ ಫುಟ್‌ವಾಲ್ವ್ ಇದ್ದಂತೆ. ನೀರು ಮೇಲೇರಲು ಬಿಡಬೇಕು, ಹಿಂದಕ್ಕೆ ಬಿಡಬಾರದು. ಫುಟ್‌ವಾಲ್ವ್ ಸೋರಿದರೆ ರಾತ್ರಿ ಪೈಪಿನ ನೀರೆಲ್ಲ ಬಾವಿಗಿಳಿದು ಬೆಳಿಗ್ಗೆ ಮತ್ತೆ ನೀರು ತುಂಬಿಸಿ ಪಂಪು ಎತ್ತಬೇಕಲ್ಲವೇ? ಡಯೋಡ್ ಕೆಟ್ಟರೆ ಬ್ಯಾಟರಿಯ ವಿದ್ಯುತ್ತು ರಾತ್ರಿಯಿಡೀ ಹಿಂದಕ್ಕೆ ಹರಿದು ಅಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಆ ದಪ್ಪ ವೈರು ಅನೇಕ ಗಾಡಿಗಳಲ್ಲಿ ಫ್ಯೂಸ್ ಪೆಟ್ಟಿಗೆಯ ಮೂಲಕ ಹೋಗುವುದೇ ಇಲ್ಲ, ಹಾಗಾಗಿ ಫ್ಯೂಸ್ ಕಿತ್ತರೂ ಕಳ್ಳ ಸಿಗುವುದಿಲ್ಲ. ಡಯೋಡ್ ಪ್ಲೇಟ್ ಬದಲಾಯಿಸಿದ ಮೇಲೆ ಜೀಪು ಮತ್ತೆ ಹಟ ಹಿಡಿಯಲಿಲ್ಲ. ಲೇತ್ ಯಂತ್ರಗಳನ್ನೇ ತಯಾರಿಸಿದ ಊರು ಹರಿಹರ, ಅಲ್ಲಿನ ಕೈಗಳಿಗೆ ಇದು ದೊಡ್ಡ ಕೆಲಸವೇ?

ಬ್ಯಾಟರಿಯ ಹತ್ತಿರ ಬೀಡಿ ಬೇಡ. ಚಾರ್ಜ್ ಆಗುವಾಗ ಹೊರಡುವ ಹೈಡ್ರೋಜನ್ ಒಂದು ಕಿಡಿಗೆ ಸಿಡಿಯುತ್ತದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಕಡಿಮೆಯಾದದ್ದಕ್ಕೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್‌ವೆಲ್ ನೀರೂ ಬೇಡ, ಆಸಿಡ್ಡೂ ಬೇಡ. ಮೇಲ್ಭಾಗ ಕೊಳೆ ಹಿಡಿದು ಒದ್ದೆಯಾಗಿದ್ದರೆ ಅದರ ಮೂಲಕವೇ ಚಾರ್ಜ್ ಸೋರುತ್ತದೆ. ಅಡುಗೆ ಸೋಡಾ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ನೀರು ಒಳಗೆ ಇಳಿಯದಂತೆ ಮುಚ್ಚಳ ಬಿಗಿದಿರಲಿ.

ಇನ್ನು ನನ್ನ ಸ್ವಂತ ಕಸುಬಿನ ಮಾತು. ಹೊಸ ಬ್ಯಾಟರಿ ಬಂದ ಮೇಲೆ ಹಳೆಯದು ಎಲ್ಲಿ ಹೋಗುತ್ತದೆ? ಎಷ್ಟೋ ಮನೆಗಳಲ್ಲಿ ಕೊಟ್ಟಿಗೆಯ ಮೂಲೆಗೆ, ಇಲ್ಲವೆ ತಿಪ್ಪೆಗೆ. ಒಡೆದ ಬ್ಯಾಟರಿಯ ಸೀಸದ ತಟ್ಟೆಯನ್ನು ದನಗಳು ರುಚಿ ಹಿಡಿದು ನೆಕ್ಕುತ್ತವೆ, ಕರುಗಳಂತೂ ಬಿಡುವುದೇ ಇಲ್ಲ. ಸೀಸದ ವಿಷವೇರಿದ ರಾಸು ಕಣ್ಣು ಕಾಣದೆ ಅಡ್ಡಾಡುತ್ತದೆ, ಗೋಡೆಗೆ ಹಣೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಬಾಯಲ್ಲಿ ನೊರೆ ಬಂದು ಸೆಳವಿಗೆ ಬೀಳುತ್ತದೆ. ಕರುವಾದರೆ ಒಂದೆರಡು ದಿನದಲ್ಲಿ ಮುಗಿಯಬಹುದು. ಬದುಕುಳಿದ ಹಸುವಿನ ಎಲುಬಿನಲ್ಲಿ ಸೀಸ ಕೂತು ಹಾಲಿಗೂ ಬರುತ್ತದೆ, ಆ ಹಾಲನ್ನು ವೈದ್ಯರು ಹೇಳುವವರೆಗೆ ಮನೆಗೂ ಬಳಸಬಾರದು, ಸಂಘಕ್ಕೂ ಹಾಕಬಾರದು. ಹಳೆಯ ಬ್ಯಾಟರಿಯನ್ನು ಮಾರಾಟಗಾರರು ವಾಪಸು ಪಡೆಯಬೇಕೆಂದು 2001ರ ನಿಯಮಗಳಲ್ಲೇ ಇತ್ತು. ಅದರ ಜಾಗಕ್ಕೆ ಬಂದ 2022ರ ನಿಯಮಗಳು ತಯಾರಕರ ಮೇಲೂ ಹೊಣೆ ಹೊರಿಸಿವೆ. ಅಂಗಡಿಗೆ ಕೊಟ್ಟರೆ ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿತವೂ ಸಿಗುತ್ತದೆ.

ಕೊಟ್ಟಿಗೆಯಲ್ಲಿ ಇಂಥ ಲಕ್ಷಣ ಕಂಡರೆ ಹುಚ್ಚುನಾಯಿ ಕಡಿತವಿರಬಹುದೆಂಬ ಅನುಮಾನವೂ ಬರುತ್ತದೆ, ಹಾಗಾಗಿ ಬಾಯೊಳಗೆ ಬರಿಗೈ ಹಾಕಬೇಡಿ. ವೈದ್ಯರಿಗೆ ಫೋನ್ ಮಾಡುವಾಗ, ಹತ್ತಿರದಲ್ಲಿ ಹಳೆಯ ಬ್ಯಾಟರಿ ಬಿದ್ದಿತ್ತೇ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ನಾವು ಹೊರಡುವಾಗ ಚೀಲಕ್ಕೆ ಹಾಕಿಕೊಳ್ಳುವ ಔಷಧಿಯೇ ಬೇರೆಯಾಗುತ್ತದೆ.