ದೀಪದ ವೈರ್ ಕಿತ್ತರೆ ದೋಷ ಹೋಗುತ್ತಾ?

ಮನೆಮಂದಿಯ ಜೊತೆ ಕೂತು ನೋಡೋಕೆ ಮುಜುಗರ ಆಗುವ ವಿಷಯ ಇವತ್ತಿನದು. ಆದರೂ ಚಾನೆಲ್ ಬದಲಾಯಿಸಬೇಡಿ.

2003ರಲ್ಲಿ ನ್ಯೂಜಿಲೆಂಡ್ ಸಂಸತ್ತು ಲೈಂಗಿಕ ವೃತ್ತಿಯನ್ನು ಅಪರಾಧದ ಪಟ್ಟಿಯಿಂದ ಕೈಬಿಟ್ಟಿತು. ಪರ 60, ವಿರೋಧ 59. ಸುರಕ್ಷಿತ ಲೈಂಗಿಕತೆ ಕಾನೂನಿನ ನಿಯಮವಾಯಿತು. ಆದರೆ ಅದೇ ಕಾಯ್ದೆಯ 19ನೇ ಸೆಕ್ಷನ್ ನೋಡಿ. ತಾತ್ಕಾಲಿಕ ವೀಸಾದಲ್ಲಿ ಬಂದವರು ಈ ಕೆಲಸ ಮಾಡುವಂತಿಲ್ಲ, ಮಾಡಿದರೆ ಗಡೀಪಾರಿನ ಭಯ. ಹಾಗಾದರೆ ಕಾಂಡೋಮ್ ಬೇಡ ಅಂತ ಹಟ ಹಿಡಿಯುವ ಗಿರಾಕಿಯ ಮೇಲೆ ಆ ವಲಸಿಗ ಹೆಣ್ಣು ಯಾರಿಗೆ ದೂರು ಕೊಡಬೇಕು?

ನಮ್ಮಲ್ಲಿ? ಉತ್ತರ ಕರ್ನಾಟಕದಿಂದ ಸಾಂಗ್ಲಿಗೆ, ಮುಂಬೈಗೆ ಹೋಗಿ ಈ ವೃತ್ತಿಗೆ ಬಿದ್ದ ಹೆಣ್ಣುಮಕ್ಕಳಿದ್ದಾರೆ. ಊರು ಬಿಟ್ಟವಳಿಗೆ ವಿಳಾಸದ ದಾಖಲೆ ಎಲ್ಲಿಂದ ಬರಬೇಕು? 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಇಂಥವರಿಗೆ ವಿಳಾಸದ ದಾಖಲೆ ಕೇಳದೆ ಆಧಾರ್ ಕೊಡಿ ಅಂತು. ಕಾಂಡೋಮನ್ನು ಅಪರಾಧದ ಸಾಕ್ಷಿ ಮಾಡಬೇಡಿ ಅಂತಲೂ ಹೇಳಿತು. ಯೋಚಿಸಿ: ರೋಗ ತಡೆಯಲು ಆರೋಗ್ಯ ಇಲಾಖೆ ಕೈಗಿಟ್ಟ ಕಾಂಡೋಮನ್ನೇ ಪೊಲೀಸರು ಸಾಕ್ಷಿ ಅಂತ ಹಿಡಿದರೆ, ಅದನ್ನು ಯಾರು ಇಟ್ಟುಕೊಳ್ತಾರೆ?

ನಾನು ಎಂಜಿನಿಯರಿಂಗ್ ಓದಿದವನು. ಎಚ್ಚರಿಕೆ ದೀಪದ ವೈರ್ ಕಿತ್ತರೆ ಯಂತ್ರದ ದೋಷ ಸರಿಹೋಗಲ್ಲ. ಅವಳು ಹೆದರಿ ಆಸ್ಪತ್ರೆಗೆ ಬಾರದಿದ್ದರೆ ಎಚ್‌ಐವಿ, ಸಿಫಿಲಿಸ್ ಲೆಕ್ಕಕ್ಕೆ ಸಿಗಲ್ಲ, ಅಷ್ಟೇ. ಗಿರಾಕಿಯ ಜೊತೆ ಅವನ ಮನೆಗೂ ಹೋಗುತ್ತೆ, ಏನೂ ಅರಿಯದ ಅವನ ಹೆಂಡತಿಗೂ ಅಂಟುತ್ತೆ.

ಆಸ್ಪತ್ರೆಯ ಬಾಗಿಲಲ್ಲಿ ಅವಳಿಗೆ ಕೇಳಬೇಕಾದ ಮೊದಲ ಪ್ರಶ್ನೆ "ಯಾವ ಊರವಳು ನೀನು?" ಅಂತಲ್ಲ. "ಟೆಸ್ಟ್ ಮಾಡಿಸಿದ್ರಾ ಅಮ್ಮಾ?" ಅಂತ.