ಮನೆಯ ಗಾಡಿಯ ಅಡಿಭಾಗದ ಆರೈಕೆ



ಅಡಿಕೆ, ತೆಂಗು, ಗೊಬ್ಬರ, ಹೈನುಗಾರಿಕೆ ಇವುಗಳ ವಿಚಾರ ಕೇಳಿ ಅಭ್ಯಾಸವಾದ ನಿಮಗೆ ಇವತ್ತಿನ ವಿಷಯ ಸ್ವಲ್ಪ ಹೊಸತೆಂದು ತೋರಬಹುದು. "ಕಾರು ಜೀಪಿನ ಮಾತು ಗ್ಯಾರೇಜಿನವರಿಗೆ ಇರಲಿ, ಕೃಷಿಯವರಿಗೆ ಅದು ಎಂತಕ್ಕೆ?" ಎಂದು ಕೇಳುವವರೂ ಇದ್ದಾರು. ಎತ್ತಿನ ಗಾಡಿ ಇದ್ದ ಕಾಲದಲ್ಲಿ ಅದರ ಅಚ್ಚಿಗೆ ಕೀಲೆಣ್ಣೆ ಹಾಕುವುದು ಬೇಸಾಯದ ಕೆಲಸಗಳಲ್ಲಿ ಒಂದಾಗಿತ್ತು. ಇಂದು ಆ ಗಾಡಿಯ ಜಾಗಕ್ಕೆ ಜೀಪು, ಪಿಕಪ್, ಕಾರು ಬಂದಿವೆ. ಅಡಿಕೆಯ ಚೀಲ ಪುತ್ತೂರಿಗೆ ಹೋಗುವುದು ಅದರಲ್ಲಿ, ಹಿಂಡಿ ಗೊಬ್ಬರ ಬರುವುದು ಅದರಲ್ಲಿ, ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಆಸ್ಪತ್ರೆಗೆ ಓಡುವುದೂ ಅದರಲ್ಲೇ. ಹೀಗಿರುವಾಗ ಕೀಲೆಣ್ಣೆಯ ವಿದ್ಯೆಯನ್ನು ನಾವು ಮರೆಯಬಾರದು.

ಆಯುಧ ಪೂಜೆಯ ದಿನ ಗಾಡಿಯನ್ನು ತೊಳೆದು, ಗಂಧ ಹಚ್ಚಿ, ಹೂವಿನ ಮಾಲೆ ಹಾಕುತ್ತೇವೆ. ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಆದರೆ ಬಗ್ಗಿ ಅಡಿಗೆ ನೋಡುವವರು ಎಷ್ಟು ಮಂದಿ? ಭಾರ ಹೊರುವುದು, ತಿರುಗುವುದು, ನಿಲ್ಲುವುದು ಈ ಮೂರೂ ಗಾಡಿಯ ಅಡಿಯಲ್ಲೇ ನಡೆಯುವ ಕೆಲಸಗಳು. ಬಾಗಿಲಿನ ಬಣ್ಣ ಹೋದರೆ ನೋಟ ಕೆಡುತ್ತದೆ, ಅಷ್ಟೆ. ಅಡಿಯ ಬ್ರೇಕಿನ ಕೊಳವೆಗೆ ತುಕ್ಕು ಹಿಡಿದರೆ ಜೀವಕ್ಕೇ ಅಪಾಯ.

ನರಿಮೊಗರು, ಶಾಂತಿಗೋಡು, ಸರ್ವೆ ಈ ಕಡೆಯ ಮನೆಗಳ ದಾರಿ ಹೇಗಿರುತ್ತದೆಂದು ನಿಮಗೆ ಗೊತ್ತೇ ಉಂಟು. ಪುರುಷರಕಟ್ಟೆಯ ಡಾಮರು ರಸ್ತೆ ಬಿಟ್ಟು ಒಳಗೆ ತಿರುಗಿದರೆ ಮುರಕಲ್ಲಿನ ಇಳಿಜಾರು, ಕೆಂಪು ಕೆಸರು, ನಡುನಡುವೆ ತೋಡು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ, ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬಯಲುಸೀಮೆಯಲ್ಲಿ ಹತ್ತು ವರ್ಷ ಬಾಳುವ ಕಬ್ಬಿಣ ಇಲ್ಲಿ ಅಷ್ಟು ಬಾಳದಿದ್ದರೆ ಆಶ್ಚರ್ಯವಿಲ್ಲ. ಚಾಸಿಯ ಮೂಲೆಗಳಲ್ಲಿ ಕೂತ ಕೆಸರು ಮಳೆ ನಿಂತ ಮೇಲೂ ವಾರಗಟ್ಟಲೆ ಒದ್ದೆಯಾಗಿರುತ್ತದೆ. ತುಕ್ಕು ಹುಟ್ಟುವುದು ಅಲ್ಲಿ.

ಇದಲ್ಲದೆ ಕೃಷಿಕರ ಗಾಡಿಗೆ ಮಾತ್ರ ಇರುವ ಇನ್ನೊಂದು ಶತ್ರು ಉಂಟು. ಅದೇ ಮೈಲುತುತ್ತು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಕ್ರಮ ನಿಮಗೆ ನಾನು ಹೇಳಬೇಕಾಗಿಲ್ಲ: ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ದ್ರಾವಣ ಸರಿಯಾಗಿದೆಯೋ ಎಂದು ನೋಡಲು ಅದರಲ್ಲಿ ಕಬ್ಬಿಣದ ಕತ್ತಿಯನ್ನು ಅದ್ದುತ್ತೇವೆ. ಕತ್ತಿಯ ಮೇಲೆ ಕೆಂಪು ಬಣ್ಣ ಕಂಡರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಆ ಕೆಂಪು ಬಣ್ಣ ಎಂತದು? ಅದು ತಾಮ್ರ. ದ್ರಾವಣದ ತಾಮ್ರ ಕಬ್ಬಿಣದ ಮೇಲೆ ಕೂತಿತು, ಅದಕ್ಕೆ ಬದಲಾಗಿ ಕತ್ತಿಯ ಕಬ್ಬಿಣ ಕರಗಿ ನೀರಿಗೆ ಹೋಯಿತು. ಕತ್ತಿಗೆ ಆದದ್ದೇ ಚಾಸಿಗೂ ಆಗುತ್ತದೆ. ಸುಣ್ಣ ಸೇರದ ತುತ್ತಿನ ನೀರು ಡ್ರಮ್ಮಿನಿಂದ ತುಳುಕಿ ಗಾಡಿಯ ಹಲಗೆಯ ಸಂದಿನಿಂದ ಕೆಳಗೆ ಇಳಿದರೆ, ಅಥವಾ ಹರಿದ ಚೀಲದಿಂದ ತುತ್ತಿನ ಹರಳು ಬಿದ್ದು ಮಳೆನೀರಿನಲ್ಲಿ ಕರಗಿದರೆ, ಅದು ಕಬ್ಬಿಣವನ್ನು ತಿನ್ನಲು ತೊಡಗುತ್ತದೆ. ಪೊಟಾಷ್ ಗೊಬ್ಬರವೂ ಹಾಗೆಯೇ. ಅದರಲ್ಲಿ ಸಮುದ್ರದ ಉಪ್ಪಿನಲ್ಲಿರುವಂತೆ ಕ್ಲೋರೈಡ್ ಇರುವುದರಿಂದ ಅದು ತುಕ್ಕನ್ನು ಬೇಗ ಬೆಳೆಸುತ್ತದೆ. ರಬ್ಬರು ಇರುವ ಮನೆಗಳಲ್ಲಿ ಹಾಲು ಹೆಪ್ಪುಗಟ್ಟಿಸುವ ಫಾರ್ಮಿಕ್ ಆಸಿಡ್ಡಿನ ಕ್ಯಾನು ಕೂಡ ಗಾಡಿಯಲ್ಲೇ ಬರುತ್ತದೆ.

ಆದುದರಿಂದ ಮೊದಲನೆಯ ನಿಯಮ ಇದು. ತುತ್ತು, ಗೊಬ್ಬರ, ಆಸಿಡ್ಡು ಇವುಗಳನ್ನು ಸಾಗಿಸುವಾಗ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಅಂಚನ್ನು ಸುತ್ತಲೂ ಮೇಲಕ್ಕೆ ಮಡಚಿರಿ. ಸಾಗಿಸಿದ ದಿನವೇ ಗಾಡಿಯ ಒಳಗನ್ನೂ ಅಡಿಯನ್ನೂ ಧಾರಾಳ ನೀರಿನಿಂದ ತೊಳೆಯಿರಿ. ತೊಳೆದ ನೀರು ಬಾವಿಯ ಕಡೆಗೆ ಹರಿಯದಂತೆ ಜಾಗ ನೋಡಿಕೊಳ್ಳಿ.

ಇನ್ನು ತೊಳೆಯುವ ಕ್ರಮ. ತೋಟಕ್ಕೆ ನೀರು ಬಿಡುವ ಪೈಪು ಇದ್ದರೆ ಸಾಕು. ಚಕ್ರದ ಮೇಲಿನ ಕಮಾನಿನ ಒಳಗೆ, ಚಾಸಿಯ ಅಡ್ಡಪಟ್ಟಿಗಳ ಮೇಲೆ, ಸ್ಪ್ರಿಂಗ್ ಪ್ಲೇಟುಗಳ ಸಂದಿಯಲ್ಲಿ ಕೂತ ಮಣ್ಣನ್ನು ಮರದ ಕಡ್ಡಿಯಿಂದ ಕೆರೆದು ನೀರು ಬಿಡಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮಣ್ಣು, ಅಡಿಕೆ ಸಿಪ್ಪೆಯ ನಾರು ತುಂಬಿ ಅವು ಮುಚ್ಚಿಹೋಗುತ್ತವೆ. ಒಂದು ಹಿಡಿಕಡ್ಡಿಯಿಂದ ಅವನ್ನು ಬಿಡಿಸಿಕೊಡಿ. ರಭಸದ ನೀರು ಹೊಡೆಯುವ ಯಂತ್ರ ಇರುವವರು ಬೇರಿಂಗು ಮತ್ತು ರಬ್ಬರ್ ಸೀಲುಗಳಿಗೆ ಹತ್ತಿರದಿಂದ ಹೊಡೆಯಬಾರದು; ನೀರು ಒಳಗೆ ನುಗ್ಗಿ ಗ್ರೀಸು ಕೆಡುತ್ತದೆ.

ನಮ್ಮಲ್ಲಿ ಒಂದು ರೂಢಿ ಉಂಟು: ತುಕ್ಕು ಹಿಡಿಯದಿರಲೆಂದು ಹಳೆಯ ಇಂಜಿನ್ ಆಯಿಲನ್ನು ಅಡಿಗೆಲ್ಲ ಬಳಿಯುವುದು. ಖರ್ಚಿಲ್ಲದ ಉಪಾಯವೆಂದು ಕಾಣುತ್ತದೆ. ಆದರೆ ಆ ಎಣ್ಣೆ ತಾಗಿದ ರಬ್ಬರ್ ಬುಷ್ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕಿನ ಲೈನರಿಗೆ ತಾಗಿದರೆ ಬ್ರೇಕೇ ಹಿಡಿಯದು. ಮಳೆಗೆ ತೊಳೆದು ಅಂಗಳದ ಮಣ್ಣಿಗೆ, ಅಲ್ಲಿಂದ ತೋಟಕ್ಕೆ ಬಾವಿಗೆ ಸೇರುವುದು ಬೇರೆ. ಈ ರೂಢಿಯನ್ನು ಬಿಡುವುದೇ ಲೇಸು. ಬದಲಿಗೆ ಬೇಸಗೆಯಲ್ಲಿ ಅಡಿಯನ್ನು ತೊಳೆದು ಎರಡು ಮೂರು ದಿನ ಒಣಗಿಸಿ, ತುಕ್ಕು ಕಂಡಲ್ಲಿ ತಂತಿಯ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಅದರ ಮೇಲೆ ಪೇಂಟು ಕೊಡಿ. ಗ್ಯಾರೇಜಿನಲ್ಲಿ ಡಾಮರಿನಂಥ ಲೇಪ ಮಾಡಿಸುವುದಾದರೂ ಮೊದಲು ಒಣಗಿರಬೇಕು. ಒದ್ದೆಯ ಮೇಲೆ, ತುಕ್ಕಿನ ಮೇಲೆ ಲೇಪ ಮಾಡಿದರೆ ಒಳಗೊಳಗೇ ತಿನ್ನುವ ತುಕ್ಕು ಕಣ್ಣಿಗೂ ಕಾಣದು. ಬ್ರೇಕು, ಹೊಗೆ ಕೊಳವೆ, ನೀರಿಳಿಯುವ ತೂತು, ರಬ್ಬರು ಇವುಗಳ ಮೇಲೆ ಲೇಪ ಬೀಳಬಾರದು.

ಈಗ ನೀವೇ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳನ್ನು ಒಂದೊಂದಾಗಿ ಹೇಳುತ್ತೇನೆ.

ಒಂದು, ಟಯರು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ. ನಡುವೆ ಸವೆದಿದ್ದರೆ ಗಾಳಿ ಹೆಚ್ಚು. ಒಂದೇ ಅಂಚು ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ ಅಥವಾ ಅಡಿಯ ಯಾವುದೋ ಕೀಲು ಸಡಿಲಾಗಿದೆ. ಗೀರಿನ ಆಳ 1.6 ಮಿಲ್ಲಿಮೀಟರಿಗಿಂತ ಕಡಿಮೆಯಾದ ಟಯರು ಕಾನೂನಿಗೂ ಆಗದು, ಕೆಸರಿಗೂ ಆಗದು.

ಎರಡು, ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್. ಸಮತಟ್ಟಾದ ಅಂಗಳದಲ್ಲಿ ಖಾಲಿ ಗಾಡಿಯನ್ನು ನಿಲ್ಲಿಸಿ ಹಿಂದಿನಿಂದ ನೋಡಿರಿ. ಒಂದು ಕಡೆಗೆ ವಾಲಿದ್ದರೆ ಆ ಕಡೆಯ ಪ್ಲೇಟು ತುಂಡಾಗಿರಬಹುದು. ಪ್ಲೇಟುಗಳನ್ನು ಅಚ್ಚಿಗೆ ಬಿಗಿಯುವ ಯು ಬೋಲ್ಟು ಸಡಿಲವಾದರೆ ನಡುವಿನ ಬೋಲ್ಟು ಕಡಿದು ಅಚ್ಚೇ ಜರುಗೀತು. ಇನ್ನು ಗಾಡಿಯ ಒಂದು ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ತೊಟ್ಟಿಲಿನಂತೆ ತೂಗುತ್ತಲೇ ಇದ್ದರೆ ಶಾಕ್ ಅಬ್ಸಾರ್ಬರ್ ಹೋಗಿದೆ.

ಮೂರು, ಚಕ್ರದ ಆಟ. ಗ್ಯಾರೇಜಿನವರು ಚಕ್ರವನ್ನು ನೆಲದಿಂದ ಎತ್ತಿದಾಗ ಹತ್ತಿರವೇ ನಿಂತು ನೋಡಿ. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಲೊಡಲೊಡ ಎಂದರೆ ಬೇರಿಂಗು ಅಥವಾ ಬಾಲ್ ಜಾಯಿಂಟಿನ ದೋಷ. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟ ಇದ್ದರೆ ಸ್ಟಿಯರಿಂಗಿನ ಟೈ ರಾಡ್ ತುದಿಯನ್ನು ಸಂಶಯಿಸಬೇಕು.

ನಾಲ್ಕು, ಗ್ರೀಸು. ಹಳೆಯ ಜೀಪುಗಳಲ್ಲಿ ಸ್ಪ್ರಿಂಗಿನ ತುದಿ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು, ಸ್ಟಿಯರಿಂಗಿನ ಕೀಲುಗಳಲ್ಲಿ ಗ್ರೀಸ್ ನಿಪ್ಪಲ್ ಇರುತ್ತದೆ. ನಿಪ್ಪಲನ್ನು ಮೊದಲು ಬಟ್ಟೆಯಿಂದ ಒರೆಸಿ, ಹಳೆಯ ಗ್ರೀಸು ಹೊರಬಂದು ಹೊಸತು ಕಾಣುವ ತನಕ ಗನ್ನಿನಿಂದ ಹಾಕಿ. ಹೊಸ ಕಾರುಗಳಲ್ಲಿ ನಿಪ್ಪಲ್ ಇಲ್ಲ. ಅಲ್ಲಿ ಮುಂದಿನ ಚಕ್ರದ ಶಾಫ್ಟಿನ ರಬ್ಬರ್ ಟೊಪ್ಪಿ ಹರಿದಿದೆಯೋ ನೋಡಬೇಕು. ಟೊಪ್ಪಿ ಹರಿದಾಗಲೇ ಬದಲಿಸಿದರೆ ಸಣ್ಣ ಖರ್ಚು. ಮಣ್ಣು ಹೊಕ್ಕು, ತಿರುವಿನಲ್ಲಿ ಟಕಟಕ ಸದ್ದು ಬರುವ ತನಕ ಕಾದರೆ ಜಾಯಿಂಟೇ ಹೋಗುತ್ತದೆ.

ಐದು, ಬ್ರೇಕು. ಚಾಸಿಯ ಉದ್ದಕ್ಕೂ ಹಿಂದಿನ ಚಕ್ರದ ತನಕ ಹೋಗುವ ಸಣ್ಣ ಉಕ್ಕಿನ ಕೊಳವೆಯನ್ನು ಕೈಯಿಂದ ಸವರಿ ನೋಡಿರಿ. ಹೊಪ್ಪಳೆ ಎದ್ದಿದ್ದರೆ, ಒದ್ದೆ ಇದ್ದರೆ ಆ ದಿನವೇ ಗ್ಯಾರೇಜಿಗೆ ಹೇಳಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೀಗೆ ನೀರು ಸೇರಿದ ಆಯಿಲ್, ಶಿರಾಡಿ ಸಂಪಾಜೆಯಂಥ ಘಾಟಿ ಇಳಿಯುವಾಗ ಬ್ರೇಕ್ ಕಾದಂತೆ ಕುದಿಯುತ್ತದೆ. ಆಗ ಪೆಡಲು ಕಾಲಿಗೆ ಸಿಗದೆ ತಳಕ್ಕೆ ಹೋಗುತ್ತದೆ. ಆದುದರಿಂದ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು, ಇಳಿಜಾರಿನಲ್ಲಿ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯಬೇಕು.

ಆರು, ನೀರು ದಾಟಿದ ಮೇಲೆ. ಹೊಸ್ಮಠದಂಥ ಕಡೆ ಎತ್ತರದ ಸೇತುವೆ ಆಗಿದ್ದರೂ ತೋಡು ದಾಟಿಯೇ ಮನೆ ಸೇರುವವರು ಇನ್ನೂ ಇದ್ದಾರೆ. ಸೇತುವೆಯ ಮೇಲೆ ನೀರು ಹರಿಯುವಾಗ ಗಾಡಿ ಇಳಿಸಲೇಬಾರದು. ಸಣ್ಣ ನೀರು ದಾಟಿದ ಮೇಲೆ ನಿಧಾನವಾಗಿ ಓಡಿಸುತ್ತಾ ಬ್ರೇಕನ್ನು ಎರಡು ಮೂರು ಸಲ ಹಗುರವಾಗಿ ಒತ್ತಿ ಒಣಗಿಸಿಕೊಳ್ಳಿ. ಅಚ್ಚು ಮುಳುಗುವಷ್ಟು ನೀರು ಇದ್ದರೆ ಹಿಂದಿನ ಹೌಸಿಂಗಿನ ಎಣ್ಣೆಯನ್ನು ಪರೀಕ್ಷೆ ಮಾಡಿಸಿ. ಅದು ಹಾಲು ಹಾಕಿದ ಚಹದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಲೆಕ್ಕ, ಕೂಡಲೇ ಬದಲಿಸಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯ ಅಡಿಗೆ ಯಾರೂ ಹೋಗಬಾರದು, ಒಂದು ಕೈಯನ್ನೂ ಹಾಕಬಾರದು. ಅಂಗಳದ ಮಣ್ಣು ಮಳೆಗೆ ಮೆತ್ತಗಿರುತ್ತದೆ, ಜಾಕು ಜಾರುತ್ತದೆ. ಮುರಕಲ್ಲು ಅಡಿಗೆ ಇಟ್ಟರೆ ಆಯಿತೆಂದು ತಿಳಿಯಬೇಡಿ. ಗೋಡೆ ಕಟ್ಟಲು ಅದು ಒಳ್ಳೆಯ ಕಲ್ಲು, ಆದರೆ ಒಂದೇ ಕಡೆ ಭಾರ ಬಿದ್ದರೆ ಮುನ್ಸೂಚನೆ ಇಲ್ಲದೆ ಸೀಳುತ್ತದೆ. ಸಿಮೆಂಟಿನ ಕಲ್ಲೂ ಹಾಗೆಯೇ. ಗಟ್ಟಿ ನೆಲ, ಚಕ್ರಗಳಿಗೆ ಅಡ್ಡ ಕೊಟ್ಟ ಮರದ ತುಂಡು, ಕಬ್ಬಿಣದ ಸ್ಟ್ಯಾಂಡು ಇವಿಷ್ಟೂ ಇಲ್ಲದಿದ್ದರೆ ಅಡಿಯ ಕೆಲಸವನ್ನು ಗ್ಯಾರೇಜಿಗೇ ಬಿಡಿ. ಆ ಹೊತ್ತಿನಲ್ಲಿ ಮಕ್ಕಳು ಗಾಡಿಯ ಹತ್ತಿರ ಸುಳಿಯದಂತೆ ಮನೆಯವರು ನೋಡಿಕೊಳ್ಳಬೇಕು.

ಇದಕ್ಕೆಲ್ಲ ಸಮಯ ಯಾವಾಗ ಎಂದು ಕೇಳಿದರೆ, ನಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ. ಪತ್ತನಾಜೆಯ ಮೊದಲು ತೊಳೆದು, ಒಣಗಿಸಿ, ತುಕ್ಕು ಉಜ್ಜಿ, ಪೇಂಟು ಕೊಟ್ಟು, ಬ್ರೇಕು ಟಯರು ನೋಡಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಅಡಿಯ ಕೆಸರು ತೆಗೆಯಿರಿ, ಮದ್ದು ಬಿಡುವ ದಿನಗಳಲ್ಲಿ ಆ ದಿನವೇ. ಆಯುಧ ಪೂಜೆಯ ಹೊತ್ತಿಗೆ ಇನ್ನೊಮ್ಮೆ ಪೂರ್ತಿ ಪರೀಕ್ಷೆ. ಒಂದು ನೋಟುಪುಸ್ತಕದಲ್ಲಿ ದಿನಾಂಕ, ಓಡಿದ ಕಿಲೋಮೀಟರು, ಮಾಡಿಸಿದ ಕೆಲಸ ಬರೆದಿಡಿ. ಈ ಲೆಕ್ಕ ಇಡುವ ಕೆಲಸವನ್ನು ಮನೆಯ ಶಾಲೆಗೆ ಹೋಗುವ ಮಗನಿಗೋ ಮಗಳಿಗೋ ಒಪ್ಪಿಸಿದರೆ ಅವರಿಗೂ ಗಾಡಿಯ ಪರಿಚಯವಾಗುತ್ತದೆ.

ಅಡಿಕೆ ಮರದ ಬುಡ ನೋಡದೆ ಗೊನೆಯನ್ನು ಮಾತ್ರ ನೋಡುವ ಕೃಷಿಕ ನಮ್ಮಲ್ಲಿ ಇಲ್ಲ. ಗಾಡಿಯ ಬುಡವನ್ನೂ ಹಾಗೆಯೇ ನೋಡಿಕೊಳ್ಳಿ.